ಶಿಕ್ಷೆಯೂ ಶಿಕ್ಷಣವೂ ಒಂದೇ ಬೇರಿನವು

ಶ್ರೀಮಠಕ್ಕೆ ಬರುವ ಭಕ್ತರು ಮೊದಲೆಲ್ಲ ಮಳೆಬೆಳೆಯ ಮಾತಾಡುತ್ತಿದ್ದರು, ಸಾಲಸೋಲದ ಮಾತಾಡುತ್ತಿದ್ದರು. ಇತ್ತೀಚೆಗೆ ಮಕ್ಕಳ ಮಾತೇ ಹೆಚ್ಚಾಗಿದೆ. “ಬುದ್ಧಿ, ಹುಡುಗ ಹೇಳಿದ್ದು ಕೇಳುವುದಿಲ್ಲ. ಮಾಸ್ತರರು ಬೆತ್ತ ಬಿಟ್ಟ ದಿನದಿಂದ ಮಕ್ಕಳು ಕೆಟ್ಟರು” ಎಂಬುದು ಹಿರಿಯರ ಸಾಮಾನ್ಯ ದೂರು. ಈ ದೂರಿನಲ್ಲಿ ನಿಜವೆಷ್ಟು, ನೆನಪಿನ ಮೋಸವೆಷ್ಟು ಎಂಬುದನ್ನು ಸಾವಧಾನವಾಗಿ ನೋಡಬೇಕಾಗಿದೆ.

ಬೆತ್ತವನ್ನು ಮಾಸ್ತರರು ತಾವಾಗಿ ಬಿಟ್ಟದ್ದಲ್ಲ. 2009ರಲ್ಲಿ ಆದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಈ ಎರಡನೆಯ ಮಾತನ್ನು ಬಹಳ ಜನ ಮರೆಯುತ್ತಾರೆ. ಕೈ ಎತ್ತದೆ ನಾಲಗೆಯಿಂದಲೇ ಮಗುವಿನ ಮನಸ್ಸು ಮುರಿಯುವವರು ಶಾಲೆಯಲ್ಲೂ ಇದ್ದಾರೆ, ಮನೆಯಲ್ಲೂ ಇದ್ದಾರೆ. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಂತೂ ಮಗುವಿನ ಹೊಣೆ ಹೊತ್ತವರೇ ಅದನ್ನು ಹಿಂಸಿಸಿದರೆ 3 ವರ್ಷದವರೆಗೆ ಸೆರೆವಾಸ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. “ನಮ್ಮ ಮಗ, ನಾವು ಹೊಡೆಯುತ್ತೇವೆ” ಎಂಬ ಮಾತಿಗೆ ಇಂದು ಮೊದಲಿನ ರಕ್ಷಣೆ ಇಲ್ಲ.

ಕಾಯ್ದೆ ಸರಿಯಾದದ್ದೆಂದೇ ನಮ್ಮ ಅಭಿಪ್ರಾಯ. ಆದರೆ ಬೆತ್ತವನ್ನು ಕಸಿದ ಕೈಗೆ ಬದಲಿಗೆ ಏನನ್ನು ಕೊಡಬೇಕೆಂಬ ವಿಚಾರ ಸಾಕಷ್ಟು ನಡೆಯಲಿಲ್ಲ. ಅದರಿಂದ ಕೆಲವು ಶಿಕ್ಷಕರು “ನಮಗೇಕೆ ಈ ಉಸಾಬರಿ” ಎಂದು ಕಣ್ಣು ಮುಚ್ಚಿಕೊಂಡರು. ತಪ್ಪು ಕಂಡೂ ಕಾಣದಂತೆ ಇರುವುದು ದಯೆಯಲ್ಲ, ಉದಾಸೀನ.

ನಮ್ಮ ಹಿರಿಯರು ‘ದಂಡಂ ದಶಗುಣಂ’ ಎಂಬ ಎರಡು ಪದಗಳನ್ನು ಗಟ್ಟಿಯಾಗಿ ಹಿಡಿದಿದ್ದಾರೆ. ಶಬ್ದಗಳ ಮೂಲ ನೋಡಿದರೆ ಬೇರೆಯೇ ಅರ್ಥ ಹೊಳೆಯುತ್ತದೆ. ಶಿಕ್ಷೆ, ಶಿಕ್ಷಣ, ಶಿಕ್ಷಕ, ಈ ಮೂರೂ ಒಂದೇ ಧಾತುವಿನಿಂದ ಬಂದವು. ಆ ಧಾತುವಿನ ಅರ್ಥ ವಿದ್ಯೆಯನ್ನು ಪಡೆಯುವುದು. ಆರು ವೇದಾಂಗಗಳಲ್ಲಿ ಮೊದಲನೆಯದಕ್ಕೆ ‘ಶಿಕ್ಷಾ’ ಎಂದೇ ಹೆಸರು. ಅದು ಹೇಳುವುದು ಅಕ್ಷರವನ್ನು ಶುದ್ಧವಾಗಿ ಉಚ್ಚರಿಸುವ ಕ್ರಮವನ್ನು. ಅಲ್ಲಿ ತಪ್ಪು ಉಚ್ಚಾರಕ್ಕೆ ಮದ್ದು ಮತ್ತೊಮ್ಮೆ ಹೇಳಿಸುವುದು, ಮಗದೊಮ್ಮೆ ಹೇಳಿಸುವುದು. ನೋವು ಕೊಡುವುದೇ ಶಿಕ್ಷೆ ಎಂಬ ಅರ್ಥ ಬಳಕೆಯಲ್ಲಿ ಯಾವಾಗಲೋ ಅಂಟಿಕೊಂಡದ್ದು.

ಇನ್ನು ನಿರೀಕ್ಷೆಯ ಮಾತು. ಹಾಲುಹಲ್ಲು ಬೀಳದ ಹೋರಿಗರುವಿಗೆ ನೊಗ ಹೂಡುವ ರೈತನಿಲ್ಲ. ಅದೇ ರೈತ 3 ವರ್ಷದ ಮಗು ಆಟಿಕೆಯನ್ನು ಹಂಚಿಕೊಳ್ಳಲಿಲ್ಲವೆಂದು ರೇಗುತ್ತಾನೆ, 5 ವರ್ಷದ್ದು ಪೂಜೆ ಮುಗಿಯುವವರೆಗೆ ಅಲುಗಾಡದೆ ಕೂಡಬೇಕೆನ್ನುತ್ತಾನೆ. ಚಿಕ್ಕ ಮಗು ರಚ್ಚೆ ಹಿಡಿಯುವುದು ಹಟಮಾರಿತನದಿಂದಲ್ಲ, ಮನಸ್ಸಿನ ಉಬ್ಬರವನ್ನು ತಡೆಯುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಮುಂದಾಲೋಚನೆ ಮಾಡುವ, ಆವೇಶವನ್ನು ಹಿಡಿದಿಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕೆಂದು ವೈದ್ಯವಿಜ್ಞಾನ ಹೇಳುತ್ತದೆ. ಹೀಗಿರುವಾಗ 15ರ ಹುಡುಗನಲ್ಲಿ 50ರ ತೂಕ ಹುಡುಕುವುದು ಯಾವ ನ್ಯಾಯ? ಹಾಗೆಂದು ಏನೂ ಕೇಳಬಾರದೆಂದಲ್ಲ. ಉಂಡ ತಟ್ಟೆ ತೊಳೆಯಲಿ, ದನಕ್ಕೆ ನೀರು ತೋರಿಸಲಿ, ಹೇಳಿದ ಹೊತ್ತಿಗೆ ಮನೆಗೆ ಬರಲಿ. ಒಂದು ಹೊತ್ತಿಗೆ ಒಂದೇ ಮಾತು ಹೇಳಬೇಕು, ಇಂದು ಬೇಡವೆಂದದ್ದು ನಾಳೆಯೂ ಬೇಡವಾಗಿರಬೇಕು. ತಂದೆ ಬೇಡವೆಂದ ಮೊಬೈಲನ್ನು ಅಜ್ಜಿ ಸೆರಗಿನಡಿಯಲ್ಲಿ ಕೊಡುವ ಮನೆಯಲ್ಲಿ ಯಾವ ಬೆತ್ತವೂ ನಡೆಯದು. (ಆ ತಂದೆ ಊಟದ ಎಲೆಯ ಮುಂದೆಯೂ ಮೊಬೈಲು ನೋಡುವವನಾದರೆ ಅಜ್ಜಿಯನ್ನು ದೂರಿ ಫಲವಿಲ್ಲ.)

ಈ ನಿರೀಕ್ಷೆಯ ಭಾರ ಅತಿಯಾಗಿ ಬೀಳುವುದು ಎಸ್ಸೆಸ್ಸೆಲ್ಸಿ ಮಕ್ಕಳ ಮೇಲೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಿತು, ಕೃಪಾಂಕ ಕೊಟ್ಟರೂ ಫಲಿತಾಂಶ 73.40ಕ್ಕೆ ಇಳಿಯಿತು. 2025ರಲ್ಲಿ 66.14 ಆಯಿತು. ಎರಡೇ ವರ್ಷದಲ್ಲಿ ಮಕ್ಕಳು ಇಷ್ಟು ದಡ್ಡರಾದರೇ? ನಕಲಿಗೆ ಹಿರಿಯರೇ ಕಿಟಕಿಯಿಂದ ಚೀಟಿ ಎಸೆಯುತ್ತಿದ್ದ ಊರುಗಳಲ್ಲಿ ಈಗ ಪೆಟ್ಟು ಬೀಳುವುದು ಮಾತ್ರ ಮಗುವಿನ ಬೆನ್ನಿಗೆ. ಕಣ್ಗಾವಲು ಒಳ್ಳೆಯದು. ಆದರೆ ಅದು ತೆರೆದು ತೋರಿಸಿದ್ದು ಹಲವು ವರ್ಷಗಳ ಕಲಿಕೆಯ ಕೊರತೆಯನ್ನು.

ಫಲಿತಾಂಶದ ದಿನ ಮನೆಯಲ್ಲಿ ಆಡುವ ಮಾತು ಬಹಳ ದುಬಾರಿಯಾದದ್ದು. ಪಕ್ಕದ ಮನೆಯ ಹುಡುಗಿಯ ಅಂಕ ಹೇಳಿ ಹಂಗಿಸಬೇಡಿರಿ. ಊಟ ಬಿಟ್ಟು ಮೂಲೆ ಸೇರಿದ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ದಿಕ್ಕು ತೋಚದಿದ್ದರೆ ಸರ್ಕಾರದ ಟೆಲಿ ಮನಸ್ ದೂರವಾಣಿ 14416 ಇದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಅಂಕಿಗಳನ್ನು ಪಂಚಾಂಗದ ಪಕ್ಕದಲ್ಲಿ ಗೋಡೆಗೆ ಬರೆದಿಟ್ಟರೂ ತಪ್ಪಿಲ್ಲ.

2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿಗೆ ಅವಕಾಶ ಮಾಡಿದ್ದಾರೆ. ಎರಡನೆಯ ಪರೀಕ್ಷೆಗೆ ಹೆಸರು ಬರೆಸುವ ಅವಧಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಆ ದಿನಗಳು ಬೈಗುಳದಲ್ಲಿ, ಅಳುವಿನಲ್ಲಿ ಕಳೆದುಹೋಗುವ ಮನೆಗಳೇ ಹೆಚ್ಚು. ಮರುದಿನವೇ ಮಗುವಿನೊಡನೆ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಿರಿ. ತಂದೆಗೆ ಹೊಲದ ಕೆಲಸವಿದ್ದರೆ ಅಜ್ಜನೇ ಹೋಗಲಿ.