ವಿದ್ಯಾರ್ಥಿ ನಿಲಯಗಳೂ ಸೋದರಭಾವವೂ

ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನು ಮತ್ತೆ ಆರಂಭಿಸಬೇಕೆ ಬೇಡವೆ ಎಂಬ ಚರ್ಚೆ 2025ರ ಕೊನೆಯ ತಿಂಗಳುಗಳಲ್ಲಿ ಮತ್ತೊಮ್ಮೆ ತಲೆಯೆತ್ತಿತು. ಕಾಲೇಜು ಆವರಣಗಳಲ್ಲಿ ನಡೆಯುತ್ತಿದ್ದ ಹಿಂಸಾಚಾರವನ್ನು ಕಾರಣವಾಗಿ ಮುಂದಿಟ್ಟು 1989-90ರ ಸುಮಾರಿಗೆ ಸರ್ಕಾರವು ಆ ಚುನಾವಣೆಗಳನ್ನು ನಿಲ್ಲಿಸಿತು. ಅಲ್ಲಿಂದೀಚೆಗೆ ಮೂರೂವರೆ ದಶಕಗಳು ಸಂದಿವೆ. ಅಂದು ಮತ ಹಾಕಿದವರ ಮಕ್ಕಳು ಕೂಡ ಪದವಿ ಮುಗಿಸಿ ಹೊರಬಂದಿದ್ದಾರೆ. ಚುನಾವಣೆ ಬೇಕೆನ್ನುವವರು ಪ್ರಜಾಪ್ರಭುತ್ವದ ಪಾಠಶಾಲೆ ಮುಚ್ಚಿಹೋಯಿತೆಂದು ಮರುಗುತ್ತಾರೆ. ಬೇಡವೆನ್ನುವವರು ರಾಜಕೀಯ ಪಕ್ಷಗಳ ಹಣವೂ ತೋಳ್ಬಲವೂ ತರಗತಿಯೊಳಕ್ಕೆ ನುಗ್ಗುವುದೆಂದು ಅಂಜುತ್ತಾರೆ. ಎರಡು ಮಾತಿನಲ್ಲೂ ಸತ್ಯಾಂಶವುಂಟು. ಆದರೆ ಉಭಯರೂ ವಿದ್ಯಾರ್ಥಿಯನ್ನು ಬರಿಯ ಮತದಾರನನ್ನಾಗಿ ಕಂಡಿದ್ದಾರೆಯೇ ಹೊರತು, ಅವನು ಯಾರ ಪಕ್ಕದಲ್ಲಿ ಕುಳಿತು ಉಣ್ಣುತ್ತಾನೆ, ಯಾರೊಡನೆ ಕೊಠಡಿಯನ್ನು ಹಂಚಿಕೊಳ್ಳುತ್ತಾನೆ, ಆ ಅನ್ನದ ಲೆಕ್ಕವನ್ನು ಯಾರು ಬರೆಯುತ್ತಾರೆ ಎಂಬುದನ್ನು ಯಾರೂ ಕೇಳಿದಂತಿಲ್ಲ.

ಬಳ್ಳಾರಿ ತಾಲ್ಲೂಕಿನ ಮೋಕದಿಂದಲೋ, ಸಿರುಗುಪ್ಪ ಕುರುಗೋಡುಗಳ ಕಡೆಯ ಹಳ್ಳಿಯಿಂದಲೋ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಹುಡುಗನ ಮನೆಯಲ್ಲಿ ‘ಸಂಘದ ಅಧ್ಯಕ್ಷ ಯಾರು’ ಎಂಬ ಪ್ರಶ್ನೆ ಏಳುವುದಿಲ್ಲ. ‘ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತೆ’ ಎಂಬುದೇ ಪ್ರಶ್ನೆ. ಜಾಗ ಸಿಕ್ಕಿದರೆ ಓದು, ಇಲ್ಲವಾದರೆ ಬೆಳಗಿನ ಬಸ್ಸು, ಸಂಜೆಯ ಬಸ್ಸು, ನಡುವೆ ಉಳಿದಷ್ಟು ಓದು. ಆದ್ದರಿಂದ ನಮ್ಮಲ್ಲಿ ವಿದ್ಯಾರ್ಥಿಗಳ ಸೋದರತ್ವದ ಚರಿತ್ರೆಯನ್ನು ಹುಡುಕುವವರು ಚುನಾವಣೆಯ ಭಿತ್ತಿಪತ್ರಗಳಿಗಿಂತ ಮೊದಲು ವಿದ್ಯಾರ್ಥಿ ನಿಲಯದ ಊಟದ ಮನೆಯನ್ನು ನೋಡಬೇಕು.

ಅಮೆರಿಕದ ಕಾಲೇಜುಗಳಲ್ಲಿ ಈ ಸೋದರತ್ವಕ್ಕೆ ಬೇರೊಂದು ರೂಪವಿದೆ. 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಕೆಲವು ತರುಣರು ಫೈ ಬೀಟಾ ಕಪ್ಪಾ ಎಂಬ ಗ್ರೀಕ್ ಅಕ್ಷರಗಳ ಹೆಸರಿನಲ್ಲಿ ಒಂದು ಗುಪ್ತ ಸಂಘವನ್ನು ಕಟ್ಟಿಕೊಂಡರು. ಪ್ರಮಾಣವಚನ, ರಹಸ್ಯ ಸಂಕೇತ, ವಾದವಿವಾದ, ಇವೆಲ್ಲ ಅದರೊಳಗಿದ್ದವು. 1825ರಲ್ಲಿ ಯೂನಿಯನ್ ಕಾಲೇಜಿನಲ್ಲಿ ಹುಟ್ಟಿದ ಕಪ್ಪಾ ಆಲ್ಫಾ ಸೊಸೈಟಿಯಿಂದ ಮೊದಲುಗೊಂಡು ಇಂಥ ಸಂಘಗಳು ದೇಶವೆಲ್ಲ ಹಬ್ಬಿದವು. ಅನೇಕಕ್ಕೆ ಸ್ವಂತ ಮನೆಗಳಾದವು. ಶಾಖೆಯ ಅಧ್ಯಕ್ಷನನ್ನೂ ಕೋಶಾಧಿಕಾರಿಯನ್ನೂ ಸದಸ್ಯರೇ ಆರಿಸುತ್ತಾರೆ, ತಮ್ಮ ವಂತಿಗೆಯಿಂದ ಖರ್ಚು ನಡೆಸುತ್ತಾರೆ. ಕೇಂದ್ರ ಸಂಸ್ಥೆ ಸನ್ನದು ಕೊಡುತ್ತದೆ, ತಪ್ಪಿದರೆ ಕಿತ್ತುಕೊಳ್ಳುತ್ತದೆ. ಒಳಗಿದ್ದವನಿಗೆ ಆಜನ್ಮ ಬಂಧುತ್ವ. ಹೊರಗಿದ್ದವನಿಗೆ ಮುಚ್ಚಿದ ಬಾಗಿಲು. ಆ ಬಾಗಿಲು ಬಹುಕಾಲ ಬಣ್ಣವನ್ನು ನೋಡಿಯೇ ತೆರೆಯುತ್ತಿದ್ದುದರಿಂದ, 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕರಿಯ ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಎಂಬ ತಮ್ಮದೇ ಸಂಘವನ್ನು ಸ್ಥಾಪಿಸಿಕೊಂಡರು. ಹೊಸಬರನ್ನು ಸೇರಿಸಿಕೊಳ್ಳುವ ನೆಪದಲ್ಲಿ ನಡೆಯುವ ಹಿಂಸೆ ಪ್ರಾಣಹಾನಿಗೂ ಕಾರಣವಾಗಿ, 2024ರ ಡಿಸೆಂಬರಿನಲ್ಲಿ ಆ ದೇಶದ ಕೇಂದ್ರ ಶಾಸನವೊಂದು ಅಂಥ ಪ್ರಕರಣಗಳನ್ನು ಕಾಲೇಜುಗಳು ಬಹಿರಂಗಪಡಿಸಬೇಕೆಂದು ವಿಧಿಸಿತು.

ಕಾರ್ನೆಲ್ಲಿನಲ್ಲಿ ಆ ಸಂಘ ಹುಟ್ಟಿದ 1906ರಲ್ಲೇ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಇದು ಕಾಕತಾಳೀಯವೇ ಸರಿ. ಆದರೂ ಅರ್ಥವಿಲ್ಲದ ಕಾಕತಾಳೀಯವಲ್ಲ. ಎರಡು ಕಡೆಯೂ ಮುಚ್ಚಿದ ಬಾಗಿಲಿನ ಮುಂದೆ ನಿಂತವರು ತಮಗೆ ಬೇರೆ ಮನೆಯನ್ನೇ ಕಟ್ಟಿಕೊಂಡರು.

ಅದಕ್ಕೂ ಹಿಂದೆ ನಮ್ಮಲ್ಲಿ ಬಡ ವಿದ್ಯಾರ್ಥಿಗೆ ಇದ್ದ ಆಸರೆ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳ ದಯೆಯನ್ನು ಹೊಲಿದು ಒಂದು ವಾರವನ್ನು ಮಾಡಿಕೊಳ್ಳುತ್ತಿದ್ದರು. ಆ ಮನೆಯವರು ಊರಿಗೆ ಹೋದರೆ ಅಂದು ಹುಡುಗನಿಗೆ ಪಂಚಾಂಗದಲ್ಲಿಲ್ಲದ ಏಕಾದಶಿ. ವಾರಾನ್ನದಿಂದ ದೊಡ್ಡ ವಿದ್ವಾಂಸರಾದವರ ಕಥೆಗಳನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ ಯಾವ ಜಾತಿಯ ಹುಡುಗನಿಗೆ ಯಾವ ಮನೆಯ ಒಳಗೆ ಎಲೆ ಬೀಳುತ್ತಿತ್ತು, ಯಾವನಿಗೆ ಜಗುಲಿಯ ಮೇಲೆ, ಯಾವನಿಗೆ ಅದೂ ಇಲ್ಲ ಎಂಬುದನ್ನು ಆ ಕಥೆಗಳು ಹೇಳುವುದಿಲ್ಲ. ಒಕ್ಕಲುಮಕ್ಕಳ, ಕುಶಲಕರ್ಮಿಗಳ ಮಕ್ಕಳು ಪಟ್ಟಣದ ಶಾಲೆಗೆ ಬರತೊಡಗಿದಾಗ ಅವರಿಗೆ ವಾರದ ಏಳು ಮನೆಗಳಾಗಲಿ, ಬಾಡಿಗೆ ಕೊಠಡಿಯಾಗಲಿ ಸುಲಭವಾಗಿ ದೊರೆಯಲಿಲ್ಲ. ಸಮುದಾಯದ ಸಂಘಗಳು ಹುಟ್ಟಿಕೊಂಡದ್ದು, ಅವು ವಿದ್ಯಾಲಯದಷ್ಟೇ ಆಸ್ಥೆಯಿಂದ ಉಚಿತ ಪ್ರಸಾದ ನಿಲಯಗಳನ್ನು ನಡೆಸಿದ್ದು ಈ ಕಾರಣದಿಂದ. ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು 1897ರಲ್ಲಿ ದಲಿತವರ್ಗಗಳ ಮಿಷನ್ನನ್ನು ಸ್ಥಾಪಿಸಿದ್ದು ಇದೇ ಕೊರತೆಯ ಅತ್ಯಂತ ಕಠೋರವಾದ ತುದಿಯಲ್ಲಿ.

ಬಳ್ಳಾರಿಯ ಸ್ಥಿತಿ ಇನ್ನಷ್ಟು ತೊಡಕಿನದು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅದು ಮದರಾಸು ಆಡಳಿತದ ಮೂಲೆಯೊಂದರಲ್ಲಿ, ಕನ್ನಡ ತೆಲುಗುಗಳ ನಡುವೆ, ಎರಡು ಕಡೆಗೂ ದೂರವಾಗಿ ಉಳಿದಿತ್ತು. ಕಾಲೇಜು ಎಂದರೆ ಅನಂತಪುರ, ಇಲ್ಲವೆ ಮದರಾಸು. ವೀರಶೈವ ವಿದ್ಯಾವರ್ಧಕ ಸಂಘ ಬಳ್ಳಾರಿಯಲ್ಲಿ 1916ರಲ್ಲಿ ಆರಂಭವಾಯಿತು, ಬೆಳಗಾವಿಯಲ್ಲಿ ಕೆ. ಎಲ್. ಇ. ಸಂಸ್ಥೆ ಹುಟ್ಟಿದ ವರ್ಷವೂ ಅದೇ. ಸಂಘವು ವೀರಶೈವ ಕಾಲೇಜನ್ನು ತೆರೆದದ್ದು 1945ರಲ್ಲಿ. ಆ ಬಳಿಕವೇ ಹಗರಿ ಸೀಮೆಯ ಹತ್ತಿ, ಜೋಳ ಬೆಳೆಯುವ ಮನೆಗಳ ಹುಡುಗರಿಗೆ ಪದವಿ ಎಂಬುದು ತಮ್ಮ ಜಿಲ್ಲೆಯೊಳಗೇ ದೊರಕುವ ವಸ್ತುವಾಯಿತು. ಸಮುದಾಯದ ಹೆಸರಿನ ಕಾಲೇಜಾದರೂ ಅದರ ತರಗತಿಗಳಲ್ಲಿ ಓದಿ ಬದುಕು ಕಟ್ಟಿಕೊಂಡವರು ಅನೇಕ ಸಮುದಾಯಗಳವರು. ಈ ಋಣವನ್ನು ಲಘುವಾಗಿ ಕಾಣುವುದು ಅನ್ಯಾಯವಾದೀತು. ಇಂದು ಜಾತಿಸಂಘಗಳೆಂದು ಮೂಗು ಮುರಿಯುವ ನಗರದ ವಿದ್ಯಾವಂತರಲ್ಲಿ ಎಷ್ಟು ಮಂದಿಯ ತಂದೆ ತಾತಂದಿರು ಅಂಥ ಒಂದು ನಿಲಯದ ಅನ್ನವುಂಡು ಬೆಳೆದರೋ!

ಆದರೆ ಋಣ ಒಂದು, ಪರೀಕ್ಷೆ ಇನ್ನೊಂದು. ನಿಲಯದ ಗೋಡೆಯೊಳಗೆ ಬೆಳೆದ ಸೋದರಭಾವ ಗೋಡೆಯಾಚೆ ಎಷ್ಟು ದೂರ ನಡೆಯಿತು ಎಂಬುದಕ್ಕೆ 1973ರ ನವೆಂಬರು ಉತ್ತರ ಕೊಟ್ಟಿತು. ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತನ್ನಾಡಿದರು. ಅದನ್ನು ವಿರೋಧಿಸಿ ಬೀದಿಗಿಳಿದ ವಿದ್ಯಾರ್ಥಿಗಳು ಒಂದು ಕಡೆ, ಅವರನ್ನು ಸಮರ್ಥಿಸಿದ ದಲಿತ ವಿದ್ಯಾರ್ಥಿಗಳು ಇನ್ನೊಂದು ಕಡೆ; ಕೆಲವೇ ದಿನಗಳಲ್ಲಿ ಹಾಸ್ಟೆಲುಗಳೇ ರಣರಂಗದ ಎರಡು ಪಾಳೆಯಗಳಾದವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದವು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಸಾಹಿತ್ಯದ ಬೆಲೆಯನ್ನು ಕುರಿತ ವಾದ ಅಂದು ಸಾಹಿತ್ಯದ ವಾದವಾಗಿ ಉಳಿಯಲಿಲ್ಲ. ಒಂದೇ ತರಗತಿಯಲ್ಲಿ ಒಂದೇ ಕಾವ್ಯವನ್ನು ಓದಿದವರು ಸಂಜೆ ಬೇರೆ ಬೇರೆ ಕಟ್ಟಡಗಳಿಗೆ ಮರಳುತ್ತಿದ್ದರು, ಹೊಡೆದಾಟದ ಗೆರೆ ಆ ಕಟ್ಟಡಗಳ ಗೆರೆಯನ್ನೇ ಹಿಡಿದು ಸಾಗಿತು. ಅದೇ ನೋವಿನಿಂದ, ಅದೇ ಹಾಸ್ಟೆಲುಗಳ ಹುಡುಗರಿಂದ, ದಲಿತ ಸಂಘರ್ಷ ಸಮಿತಿಯ ಚಳವಳಿಯೂ ಬಲಗೊಂಡು ಕನ್ನಡ ಸಾಹಿತ್ಯದ ದಿಕ್ಕು ಬದಲಾಯಿತೆಂಬುದನ್ನು ಸಾಹಿತ್ಯಾಸಕ್ತರಿಗೆ ನಾವು ಹೇಳಬೇಕಾಗಿಲ್ಲ.

ಇದಕ್ಕೆ ಬೇರೆ ಮಾದರಿಗಳೇ ಇರಲಿಲ್ಲವೆಂದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘವು ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿತು; ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ನೆರೆಯಿತು. ಅಲ್ಲಿ ಜನರನ್ನು ಕೂಡಿಸಿದ್ದು ಭಾಷೆಯ ಪ್ರೀತಿ. ಸಿದ್ಧಗಂಗೆಯ ಮಠದಲ್ಲಿ ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದ್ದನ್ನು ನಾಡೆಲ್ಲ ಬಲ್ಲದು. ಇವು ದೊಡ್ಡ ಉದಾಹರಣೆಗಳು. ಆದರೆ ಒಬ್ಬ ಶಾಸ್ತ್ರಿಗಳೋ ಒಬ್ಬ ಸ್ವಾಮಿಗಳೋ ಇದ್ದರೆ ನಡೆಯುವುದನ್ನು ವ್ಯವಸ್ಥೆ ಎನ್ನಲಾಗದು.

ವ್ಯವಸ್ಥೆ ಎನ್ನಬಹುದಾದದ್ದು ನಮ್ಮಲ್ಲಿ ಬೆಳೆದದ್ದು ಬೇರೆಲ್ಲೂ ಅಲ್ಲ, ಅಡುಗೆಮನೆಯಲ್ಲಿ. ಹಳೆಯ ಹಾಸ್ಟೆಲುಗಳಲ್ಲಿ ಇದ್ದವರಿಗೆ ‘ಡಿವೈಡಿಂಗ್ ಸಿಸ್ಟಂ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸಾರಿನ ವಾಸನೆ ಬರುತ್ತದೆ. ತಿಂಗಳಿನ ಅಕ್ಕಿ, ಬೇಳೆ, ಎಣ್ಣೆ, ತರಕಾರಿ, ಉರುವಲು, ಅಡುಗೆಯವರ ಸಂಬಳ, ಎಲ್ಲವನ್ನೂ ಕೂಡಿ, ಆ ತಿಂಗಳು ಉಂಡವರ ಒಟ್ಟು ದಿನಗಳಿಂದ ಭಾಗಿಸಿ, ತಲೆಗೆ ಇಷ್ಟು ಎಂದು ಹಂಚುವ ಕ್ರಮವಿದು. ಲಾಭವೆಂಬುದು ಇದರಲ್ಲಿ ಯಾರಿಗೂ ಇಲ್ಲ. ಉಳಿಸಿದರೆ ಎಲ್ಲರಿಗೂ ಉಳಿತಾಯ, ಕದ್ದರೆ ಎಲ್ಲರಿಗೂ ನಷ್ಟ. ಮೆಸ್ ಕಾರ್ಯದರ್ಶಿಯನ್ನು ಹುಡುಗರೇ ಆರಿಸುತ್ತಿದ್ದರು. ಅವನು ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ ಬದನೆಕಾಯಿಯ ಬೆಲೆ ಚೌಕಾಸಿ ಮಾಡಬೇಕು, ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಅಡುಗೆಭಟ್ಟರ ಮುನಿಸನ್ನು ತಣಿಸಬೇಕು, ಊರಿಗೆ ಹೋದವರ ಊಟ ಕಳೆಯಬೇಕು, ಅತಿಥಿಗಳ ಊಟವನ್ನು ಕರೆತಂದವನ ಲೆಕ್ಕಕ್ಕೆ ಬರೆಯಬೇಕು. ತಿಂಗಳ ಕೊನೆಗೆ ಲೆಕ್ಕದ ಹಾಳೆಯನ್ನು ಎಲ್ಲರೂ ನೋಡುವಂತೆ ಗೋಡೆಗೆ ಅಂಟಿಸಬೇಕು. ಅಲ್ಲಿ ಎಣ್ಣೆಯ ಖರ್ಚು ಹಿಂದಿನ ತಿಂಗಳಿಗಿಂತ ಎರಡು ಡಬ್ಬಿ ಹೆಚ್ಚಿದ್ದರೆ ಅದೇ ರಾತ್ರಿ ಸಭೆ. ವಿಧಾನಮಂಡಲದ ಲೆಕ್ಕಪತ್ರ ಸಮಿತಿಗೂ ಇಲ್ಲದ ತೀಕ್ಷ್ಣತೆ ಆ ಸಭೆಗಳಿಗಿತ್ತು, ಏಕೆಂದರೆ ಕೇಳುವವನ ತಟ್ಟೆ ಎದುರಿಗೇ ಇತ್ತು.

ಇಲ್ಲಿ ಮುಖ್ಯವಾದುದು ಹಣವಲ್ಲ. ತನ್ನ ಜಾತಿಯವನೆಂದು ಆರಿಸಿದ ಕಾರ್ಯದರ್ಶಿ ನೀರುಸಾರು ಬಡಿಸಿದರೆ, ಮುಂದಿನ ತಿಂಗಳು ಲೆಕ್ಕ ಬಲ್ಲ ಬೇರೆಯವನೇ ಬೇಕೆನಿಸುತ್ತದೆ. ಸಂಘದ ಚುನಾವಣೆಯಲ್ಲಿ ತಪ್ಪು ಆಯ್ಕೆಯ ಫಲ ಒಂದು ವರ್ಷ ಕಾಣದೇ ಹೋಗಬಹುದು. ಮೆಸ್ಸಿನಲ್ಲಿ ಮಧ್ಯಾಹ್ನವೇ ಕಾಣುತ್ತದೆ.

ಸರ್ಕಾರಿ ನಿಲಯಗಳ ಸಂಖ್ಯೆ 1970ರ ದಶಕದಿಂದ, ವಿಶೇಷವಾಗಿ ದೇವರಾಜ ಅರಸು ಅವರ ಕಾಲ ಮತ್ತು 1975ರ ಹಾವನೂರು ಆಯೋಗದ ವರದಿಯ ನಂತರ, ಬಹಳವಾಗಿ ಬೆಳೆಯಿತು. ಇದರ ಪ್ರಯೋಜನ ಅಪಾರ. ಮೋಕದಂಥ ಊರಿನ ಭೂಹೀನರ ಮನೆಯ ಹುಡುಗಿ ಬಳ್ಳಾರಿಯಲ್ಲಿದ್ದು, 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಓದಲು ಸಾಧ್ಯವಾದದ್ದು ಇಂಥ ನಿಲಯಗಳಿಂದ. ಒಂದು ವರ್ಗದ ನಿಲಯದಲ್ಲಿ ಇತರರಿಗೂ ಕೆಲವು ಸ್ಥಾನಗಳನ್ನು ಇಡುವ ಪದ್ಧತಿಯೂ ಒಳ್ಳೆಯದೇ. ಆದರೆ ಅನ್ನ ಸರ್ಕಾರದ್ದಾದಾಗ ಲೆಕ್ಕವೂ ಸರ್ಕಾರದ್ದಾಯಿತು. ತಲೆಗೆ ಇಷ್ಟು ಎಂಬ ದರ ಮೇಲಿನಿಂದ ಬರುತ್ತದೆ, ಸಾಮಗ್ರಿ ಟೆಂಡರಿನಿಂದ ಬರುತ್ತದೆ, ಪ್ರವೇಶ ಕಂಪ್ಯೂಟರಿನಿಂದ ಬರುತ್ತದೆ. ವಿದ್ಯಾರ್ಥಿಗಳ ಆಹಾರ ಸಮಿತಿ ಇರುವೆಡೆಯಲ್ಲಿಯೂ ಅದರ ಕೆಲಸ ಸಹಿ ಹಾಕುವುದರಲ್ಲಿ ಮುಗಿಯುವ ಭಯವಿದೆ. ಅನ್ನ ಹಳಸಿದಾಗ ಹುಡುಗರಿಗೆ ಉಳಿಯುವ ಒಂದೇ ದಾರಿ ತಟ್ಟೆ ಹಿಡಿದು ರಸ್ತೆಯಲ್ಲಿ ಕುಳಿತುಕೊಳ್ಳುವುದು. ಅಂಥ ಪ್ರತಿಭಟನೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ವಾಚಕರು ಕಂಡೇ ಇರುತ್ತಾರೆ.

ಈ ದೃಷ್ಟಿಯಿಂದ ನೋಡಿದರೆ ಲಿಂಗ್ಡೊ ಸಮಿತಿಯ 2006ರ ಶಿಫಾರಸುಗಳು ನಮಗೆ ಅರ್ಧ ಉತ್ತರವನ್ನಷ್ಟೇ ಕೊಡುತ್ತವೆ. ಅಭ್ಯರ್ಥಿ ಐದು ಸಾವಿರ ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡಬಾರದು, ಮುಕ್ಕಾಲು ಪಾಲು ಹಾಜರಿ ಇರಬೇಕು, ಮುದ್ರಿತ ಭಿತ್ತಿಪತ್ರ ಕೂಡದು. ಎಲ್ಲ ವಿವೇಕದ ಕಟ್ಟಳೆಗಳೇ, ಸರ್ವೋಚ್ಚ ನ್ಯಾಯಾಲಯವೂ ಅದೇ ವರ್ಷ ಅವನ್ನು ಜಾರಿಗೊಳಿಸಲು ಹೇಳಿತು. ಆದರೆ ಗೆದ್ದವನು ಯಾವ ಹಣಕ್ಕೆ, ಯಾವ ಕೆಲಸಕ್ಕೆ ಹೊಣೆಗಾರ? ಹೊಣೆಯಿಲ್ಲದ ಪದವಿಗೆ ಪೈಪೋಟಿ ಏರ್ಪಡಿಸಿದರೆ, ಆ ಪೈಪೋಟಿಗೆ ಬಂಡವಾಳ ಹೂಡಲು ಪಕ್ಷಗಳೂ ಜಾತಿಯ ಮುಖಂಡರೂ ಸಿದ್ಧರಿರುತ್ತಾರೆ. 1989ರ ಹಿಂದಿನ ಗದ್ದಲದ ಮೂಲವೂ ಬಹುಮಟ್ಟಿಗೆ ಅಲ್ಲಿತ್ತೆಂದು ನಮ್ಮ ಊಹೆ.

ಆದ್ದರಿಂದ ಕಾಲೇಜಿನ ಮತಪೆಟ್ಟಿಗೆಗಿಂತ ಮೊದಲು ನಿಲಯದ ಉಗ್ರಾಣದ ಬೀಗದ ಕೈಯನ್ನು ವಿದ್ಯಾರ್ಥಿಗಳಿಗೆ ಕೊಟ್ಟು ನೋಡಬಾರದೆ? ಸಮುದಾಯದ ಸಂಘಗಳು ತಮ್ಮ ನಿಲಯಗಳಲ್ಲಿ ಕಾಲುಭಾಗವನ್ನಾದರೂ ಹೊರಗಿನವರಿಗೆ ತೆರೆಯಲಿ. ಶತಮಾನದ ಹಿಂದೆ ಬಾಗಿಲು ಮುಚ್ಚಿದ್ದರ ನೋವುಂಡವರಿಗೆ ತೆರೆಯುವುದರ ಬೆಲೆ ತಿಳಿದಿರಬೇಕು. ಸರ್ಕಾರವು ತನ್ನ ನಿಲಯಗಳಲ್ಲಿ ತರಕಾರಿ, ಹಾಲು, ಸೌದೆ ಅನಿಲದಂಥ ದಿನದ ಖರ್ಚನ್ನು, ಪೂರ್ತಿ ಅಲ್ಲದಿದ್ದರೂ ಒಂದು ಪಾಲನ್ನು, ಆರಿಸಿಬಂದ ಮೆಸ್ ಸಮಿತಿಯ ಕೈಗೆ ಒಪ್ಪಿಸಲಿ, ಲೆಕ್ಕ ಗೋಡೆಗೆ ಬರಲಿ. ತಪ್ಪುಗಳಾಗುತ್ತವೆ. ಟೆಂಡರಿನಲ್ಲಿ ಆಗುವುದಕ್ಕಿಂತ ಹೆಚ್ಚಾಗವು.

ಹೆಣ್ಣುಮಕ್ಕಳ ನಿಲಯಗಳಿಂದಲೇ ಇದನ್ನು ಮೊದಲು ಮಾಡುವುದು ಲೇಸು. ಮನೆಯ ಖರ್ಚನ್ನು ತಾಯಿ ತೂಗಿಸುವುದನ್ನು ಅವರು ಎಳವೆಯಿಂದ ಕಂಡಿದ್ದಾರೆ. ಹಾಸ್ಟೆಲಿನಲ್ಲಿ ಮಾತ್ರ ಅವರನ್ನು ಕಾಯಬೇಕಾದವರೆಂದಷ್ಟೇ ಬಗೆಯಲಾಗಿದೆ. ಬೆಳಗಿನ ಆರು ಗಂಟೆಗೆ ಇಬ್ಬರು ಹುಡುಗಿಯರು ಸಮಿತಿಯ ಚೀಲ ಹಿಡಿದು ಬಳ್ಳಾರಿಯ ತರಕಾರಿ ಮಾರುಕಟ್ಟೆಗೆ ಹೋಗಿಬರಲು ವಾರ್ಡನ್ನರು ಅನುಮತಿ ಕೊಡುವರೆ ಎಂಬುದು, ಚುನಾವಣೆ ಬೇಕೆನ್ನುವವರೂ ಬೇಡವೆನ್ನುವವರೂ ಮೊದಲು ಉತ್ತರ ಹೇಳಬೇಕಾದ ಪ್ರಶ್ನೆ.