ಊರ ಗೋಮಾಳದಲ್ಲಿ ಗಾಲ್ಫ್ ಚೆಂಡು

2021ರ ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಗಾಲ್ಫ್ ಆಟದ ಗಂಧಗಾಳಿಯೂ ಇಲ್ಲದ ನನ್ನಂಥ ಅನೇಕರು ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸ್ತಿಲವರೆಗೆ ಬಂದು, ಕೊನೆಗೆ ನಾಲ್ಕನೆಯ ಸ್ಥಾನದಲ್ಲಿ ನಿಂತರು. ಅಂದೇ ಮಧ್ಯಾಹ್ನ ದೆಹಲಿಯ ನಮ್ಮ ಕನ್ನಡ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು ಉತ್ಸಾಹದಿಂದ, ‘ಸರ್ಕಾರ ಊರಿಗೊಂದು ಗಾಲ್ಫ್ ಮೈದಾನ ಕಟ್ಟಿಸಬೇಕು, ನಷ್ಟವಾದರೂ ಸರಿಯೆ’ ಎಂದು ಬರೆದರು. ದೆಹಲಿಗೆ ಬಂದು ಮೂವತ್ತು ವರ್ಷವಾದರೂ ಗಾದೆಗಳನ್ನು ಮರೆಯದ ಧಾರವಾಡದ ಹಿರಿಯರೊಬ್ಬರು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟರು: ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರಿ.’ ಎಲ್ಲರೂ ನಕ್ಕು ಬೇರೆ ಮಾತಿಗೆ ಹೊರಳಿದರು. ನನಗೆ ಮಾತ್ರ ಆ ಎರಡು ಸಾಲುಗಳು ಇಂದಿಗೂ ಮನಸ್ಸಿನಲ್ಲಿ ಕಾದಾಡುತ್ತಿವೆ.

ಅದಕ್ಕೊಂದು ಕಾರಣವಿದೆ. ಕೆಲಕಾಲದ ಹಿಂದೆ ಹೊರನಾಡಿನ ಒಂದು ಕನ್ನಡ ಸಂಘದ ಸಭೆಯಲ್ಲಿ ಪುಸ್ತಕ ಭಂಡಾರದ ಮಾತು ಬಂತು. ಭಾನುವಾರಕ್ಕೆ ಏಳೆಂಟು ಓದುಗರು ಬರುವ ಕೋಣೆ ಅದು. ದೀಪಕ್ಕೂ ಫ್ಯಾನಿಗೂ ಆಗುವ ಖರ್ಚು ಸದಸ್ಯರ ಚಂದಾದಿಂದ ಹುಟ್ಟುವುದಿಲ್ಲ. ‘ನಷ್ಟದ ಬಾಬ್ತು, ಮುಚ್ಚಿ, ಕೋಣೆಯನ್ನು ಸಮಾರಂಭಗಳಿಗೆ ಬಾಡಿಗೆಗೆ ಕೊಡೋಣ’ ಎಂಬ ಸಲಹೆ ಬಂತು. ನಾನು ಎದ್ದು ನಿಂತು ವಿರೋಧಿಸಿದೆ. ಗ್ರಂಥಾಲಯವನ್ನು ಲಾಭನಷ್ಟದಿಂದ ಅಳೆಯಬಾರದು ಎಂದು ದೊಡ್ಡ ದನಿಯಲ್ಲಿ ವಾದಿಸಿದೆ. ಕೋಣೆ ಸದ್ಯಕ್ಕೆ ಉಳಿಯಿತು. ಆದರೆ ಮನೆಗೆ ಮರಳುವ ದಾರಿಯಲ್ಲಿ ಒಂದು ಪ್ರಶ್ನೆ ಜೊತೆಗೇ ಬಂತು. ಏಳು ಜನ ಓದುಗರ ನಷ್ಟ ಪೂಜ್ಯ, ಎಪ್ಪತ್ತು ಜನ ಗಾಲ್ಫ್ ಆಟಗಾರರ ನಷ್ಟ ನಿಂದ್ಯ ಎನ್ನಲು ನನಗಿರುವ ಆಧಾರವೇನು? ಒಂದು ನನ್ನ ಅಭಿರುಚಿ, ಇನ್ನೊಂದು ಪರರ ಅಭಿರುಚಿ ಎಂಬುದಷ್ಟೇ ಕಾರಣವಾದರೆ ಅದನ್ನು ನ್ಯಾಯವೆನ್ನಲಾಗದು.

ಹೀಗಾಗಿ ಪ್ರಶ್ನೆಯನ್ನು ಬುಡದಿಂದ ನೋಡಬೇಕಾಯಿತು.

ಗಾಲ್ಫ್ ಸಾಹೇಬರ ಆಟವೆಂದು ನಾವು ನಂಬಿದ್ದೇವೆ. ಅದರ ತವರೂರಿನ ಚರಿತ್ರೆ ಬೇರೆಯೇ ಇದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಕಡಲಂಚಿನ ಮರಳುನೆಲ, ನಮ್ಮ ಕಂದಾಯ ಕಡತಗಳ ಭಾಷೆಯಲ್ಲಿ ಹೇಳುವುದಾದರೆ, ಊರ ಗೋಮಾಳವೇ ಆಗಿತ್ತು. ಅಲ್ಲಿ ದನಕುರಿ ಮೇಯಿಸುವ, ಗಾಲ್ಫ್ ಮತ್ತು ಕಾಲ್ಚೆಂಡು ಆಡುವ ಊರವರ ಹಕ್ಕನ್ನು 1552ರ ಸನ್ನದೊಂದರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಮಾನ್ಯ ಮಾಡಿದ. 1797ರಲ್ಲಿ ದಿವಾಳಿಯೆದ್ದ ಪುರಸಭೆ ಆ ನೆಲವನ್ನು ಮಾರಿಬಿಟ್ಟಿತು. ಅದು ಮೊಲ ಸಾಕುವವರ ಪಾಲಾಗಿ, ಮೊಲದವರಿಗೂ ಆಟಗಾರರಿಗೂ ಎರಡು ದಶಕ ಜಗಳ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಅದನ್ನು ಕೊಂಡು ಆಟಕ್ಕೆ ಉಳಿಸಿದ. 1894ರ ಕಾಯಿದೆಯ ಮೂಲಕ ಅದು ಮತ್ತೆ ಪಟ್ಟಣದ ಆಡಳಿತಕ್ಕೆ ಬಂತು. ಇಂದು ಅದನ್ನು ನೋಡಿಕೊಳ್ಳುತ್ತಿರುವುದು 1974ರಲ್ಲಿ ರಚನೆಯಾದ ಸಾರ್ವಜನಿಕ ಟ್ರಸ್ಟು. ಜಗತ್ತಿನ ಶ್ರೀಮಂತರು ಅಲ್ಲಿ ಆಡಲು ದುಬಾರಿ ಶುಲ್ಕ ತೆರುತ್ತಾರೆ. ಊರವರು ಅಗ್ಗದ ವಾರ್ಷಿಕ ಚೀಟಿಯಲ್ಲಿ ಆಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಭಾನುವಾರ ಅಲ್ಲಿನ ‘ಓಲ್ಡ್ ಕೋರ್ಸ್’ನಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಅಂದು ಮಕ್ಕಳು, ಮುದುಕರು, ನಾಯಿ ಕರೆದುಕೊಂಡು ಬಂದವರು ಆ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ನೆಲ ಊರಿನದು ಎಂಬುದನ್ನು ವಾರಕ್ಕೊಮ್ಮೆ ಎಲ್ಲರಿಗೂ ನೆನಪಿಸುವ ಏರ್ಪಾಡು ಇದು.

ನಗರಸಭೆಯೇ ಗಾಲ್ಫ್ ಮೈದಾನ ನಡೆಸುವ ಪದ್ಧತಿ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ವ್ಯಾನ್ ಕೋರ್ಟ್‌ಲೆಂಡ್ ಪಾರ್ಕಿನಲ್ಲಿ 1895ರಲ್ಲೇ ಸಾರ್ವಜನಿಕ ಮೈದಾನ ತೆರೆಯಿತು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ, ನಮ್ಮ ಬರಗಾಲದ ಕಾಮಗಾರಿಗಳ ಹಾಗೆ, ನಿರುದ್ಯೋಗಿಗಳಿಗೆ ಕೂಲಿ ಕೊಟ್ಟು ಬೆತ್‌ಪೇಜ್ ಎಂಬಲ್ಲಿ ಮೈದಾನಗಳನ್ನು ನಿರ್ಮಿಸಿದರು. ಅದೇ ಸರ್ಕಾರಿ ಮೈದಾನದಲ್ಲಿ 2002ರಲ್ಲಿ ಯು.ಎಸ್. ಓಪನ್ ಪಂದ್ಯಾವಳಿಯೂ ನಡೆಯಿತು. ‘ಸಾರ್ವಜನಿಕ’ ಎಂಬ ಪದಕ್ಕೆ ಅಲ್ಲಿ ಎಷ್ಟು ಬೆಲೆ ತೆರಬೇಕಾಯಿತು ಎಂಬುದನ್ನೂ ಮರೆಯುವಂತಿಲ್ಲ. 1951ರಲ್ಲಿ ಅಟ್ಲಾಂಟಾ ನಗರದ ಸಾರ್ವಜನಿಕ ಮೈದಾನದಿಂದ ಹೋಮ್ಸ್ ಎಂಬ ಕರಿಯರ ಕುಟುಂಬವನ್ನು ವಾಪಸು ಕಳಿಸಿದರು. ತಂದೆ ಮಕ್ಕಳು ನ್ಯಾಯಾಲಯದ ಮೆಟ್ಟಿಲೇರಿ, 1955ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದರು. ಅವರ ವಾದದ ತಿರುಳು ಸರಳ: ಎಲ್ಲರ ತೆರಿಗೆಯಿಂದ ನಡೆಯುವ ನೆಲಕ್ಕೆ ಎಲ್ಲರಿಗೂ ಪ್ರವೇಶವಿರಬೇಕು.

ಈ ಶತಮಾನದ ಆರಂಭದ ನಂತರ ಅಮೆರಿಕದಲ್ಲಿ ಆಟಗಾರರ ಸಂಖ್ಯೆ ಇಳಿಮುಖವಾಗಿ, ಹಲವು ನಗರಗಳ ಮೈದಾನಗಳು ನಷ್ಟಕ್ಕೆ ಬಿದ್ದವು. ಗ್ರಂಥಾಲಯದ ಸಮಯ ಕಡಿತ ಮಾಡಿ ಗಾಲ್ಫಿನ ಹುಲ್ಲಿಗೆ ನೀರು ಹಾಯಿಸುವುದೇ ಎಂಬ ಜಗಳ ಶುರುವಾಯಿತು. ಕೋವಿಡ್ ಬಂದ ಮೇಲೆ ಬಯಲಿನ ಆಟವೆಂದು ಜನ ಮತ್ತೆ ಮುಗಿಬಿದ್ದರು. ಜಗಳ ಕೊಂಚ ತಣ್ಣಗಾಯಿತು. ಒಂದೆರಡು ವರ್ಷದ ನಷ್ಟವನ್ನು ನೋಡಿ ಶಾಶ್ವತವಾದ ತೀರ್ಮಾನಕ್ಕೆ ಬರಬಾರದು ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ನಮ್ಮ ದೆಹಲಿ. ಇಲ್ಲಿ ಎರಡು ಬಗೆಯ ಮೈದಾನಗಳಿವೆ. ಲಾಡೋ ಸರಾಯ್‌ನಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ 2000ದಲ್ಲಿ ತೆರೆದ ಕುತುಬ್ ಗಾಲ್ಫ್ ಕೋರ್ಸ್, ದೇಶದ ಮೊದಲ ಸಾರ್ವಜನಿಕ ಗಾಲ್ಫ್ ಮೈದಾನವೆಂದು ಹೆಸರಾಗಿದೆ. ಶುಲ್ಕ ಕಟ್ಟಿದ ಯಾರೂ ಅಲ್ಲಿ ಆಡಬಹುದು. ಇನ್ನೊಂದು ಬಗೆಯದು, ನಗರದ ನಟ್ಟನಡುವೆ, ಮೊಘಲ್ ಕಾಲದ ಗೋರಿಗಳನ್ನು ಒಡಲಲ್ಲಿಟ್ಟುಕೊಂಡ ದೆಹಲಿ ಗಾಲ್ಫ್ ಕ್ಲಬ್. ನೆಲ ಕೇಂದ್ರ ಸರ್ಕಾರದ್ದು, ಗುತ್ತಿಗೆಯ ಮೇಲೆ ಕೊಟ್ಟದ್ದು; ಒಳಗಿನ ಬದುಕು ಸದಸ್ಯರದ್ದು. ಸದಸ್ಯತ್ವಕ್ಕೆ ಅರ್ಜಿ ಹಾಕಿದವರು ದಶಕಗಟ್ಟಲೆ ಕಾಯುತ್ತಾರೆ. ಇಂಥ ಸಂಸ್ಥೆ ತನ್ನ ಲೆಕ್ಕದಲ್ಲಿ ಒಂದು ರೂಪಾಯಿ ನಷ್ಟವನ್ನೂ ತೋರಿಸಬೇಕಾಗಿಲ್ಲ. ಹಾಗೆಂದು ಅದಕ್ಕೆ ಸಾರ್ವಜನಿಕರ ಸಹಾಯಧನವಿಲ್ಲವೆ?

ಇಲ್ಲಿಯೇ ನಮ್ಮ ಲೆಕ್ಕ ತಪ್ಪುವುದು. ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ನೋಡಿದವನಾಗಿ ಹೇಳುತ್ತೇನೆ: ಜಮಾಖರ್ಚಿನ ಪುಸ್ತಕದಲ್ಲಿ ಮಾಲಿಯ ಸಂಬಳ, ನೀರು, ಗೊಬ್ಬರ, ವಿದ್ಯುತ್ತು ಬರುತ್ತವೆ, ನೆಲದ ಬೆಲೆ ಬರುವುದಿಲ್ಲ. ಹದಿನೆಂಟು ಕುಳಿಯ ಮೈದಾನಕ್ಕೆ ನೂರರಿಂದ ನೂರೈವತ್ತು ಎಕರೆಯಾದರೂ ಬೇಕು. ಹತ್ತು ನಿಮಿಷಕ್ಕೆ ನಾಲ್ವರಂತೆ ಎಂಟು ತಾಸು ಬಿಡುವಿಲ್ಲದೆ ಆಟಗಾರರನ್ನು ಒಳಗೆ ಬಿಟ್ಟರೂ ದಿನಕ್ಕೆ ಇನ್ನೂರು ಜನ ಆಗುವುದಿಲ್ಲ. ಅಷ್ಟೇ ವಿಸ್ತೀರ್ಣದ ಉದ್ಯಾನದಲ್ಲಿ ಒಂದು ಭಾನುವಾರ ಸಾವಿರಾರು ಜನ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ದಕ್ಷಿಣ ದೆಹಲಿಯ ಒಂದು ಎಕರೆಗೆ ಮಾರುಕಟ್ಟೆಯ ಬಾಡಿಗೆ ಕಟ್ಟಿ ನೋಡಿದರೆ ಲಾಭದಲ್ಲಿರುವ ಮೈದಾನವೂ ನಷ್ಟದ್ದೇ ಆಗುತ್ತದೆ.

ಈ ಮಾತನ್ನು ಮಹಾಲೇಖಪಾಲರೇ ಬೇರೊಂದು ಸಂದರ್ಭದಲ್ಲಿ ಎತ್ತಿದ್ದಾರೆ. ರಕ್ಷಣಾ ಇಲಾಖೆಯ ಭೂಮಿಯ ನಿರ್ವಹಣೆಯನ್ನು ಕುರಿತ 2010-11ರ ವರದಿಯಲ್ಲಿ, 8,076 ಎಕರೆ ಸರ್ಕಾರಿ ಭೂಮಿಯಲ್ಲಿ ಸೈನ್ಯದ 97 ಗಾಲ್ಫ್ ಮೈದಾನಗಳು ನಡೆಯುತ್ತಿರುವುದನ್ನೂ, ಹೊರಗಿನವರಿಂದ ಹಣ ಬರುತ್ತಿದ್ದರೂ ಸರ್ಕಾರಕ್ಕೆ ಬಾಡಿಗೆ ಸಲ್ಲದಿರುವುದನ್ನೂ ಲೆಕ್ಕಪರಿಶೋಧಕರು ಬರೆದರು. ಅವುಗಳಿಗಿದ್ದ ಹೆಸರು ‘ಪರಿಸರ ಉದ್ಯಾನ ಮತ್ತು ತರಬೇತಿ ಪ್ರದೇಶ’! ಸೈನಿಕನಿಗೆ ವಿರಾಮ ಬೇಡವೆನ್ನುವ ಕೃತಘ್ನ ನಾನಲ್ಲ. ವಿರಾಮಕ್ಕೆ ವಿರಾಮವೆಂದೇ ಹೆಸರಿಟ್ಟು, ಅದರ ಖರ್ಚನ್ನು ಸಂಸತ್ತಿನ ಮುಂದಿಟ್ಟು ಒಪ್ಪಿಗೆ ಪಡೆಯಬೇಕು ಎಂಬುದಷ್ಟೇ ನನ್ನ ತಕರಾರು.

ಹಾಗಾದರೆ ಎಲ್ಲ ಗಾಲ್ಫ್ ಮೈದಾನಗಳನ್ನೂ ಮುಚ್ಚಿಸಬೇಕೆ? ಅಲ್ಲಿಗೂ ನನ್ನ ಮನಸ್ಸು ಒಪ್ಪುವುದಿಲ್ಲ. ಇಂಗ್ಲಿಷ್ ಎಂ.ಎ. ಓದುವಾಗ ಗೋಲ್ಡ್‌ಸ್ಮಿತ್‌ನ ‘ದಿ ಡೆಸರ್ಟೆಡ್ ವಿಲೇಜ್’ ಪಠ್ಯವಾಗಿತ್ತು. ಒಬ್ಬ ಸಿರಿವಂತನ ವಿಹಾರಕ್ಕಾಗಿ ಊರೇ ಬರಿದಾದ ಕಥೆ ಅದು. ಅದನ್ನು ಓದಿ ಸಿಟ್ಟುಗೊಂಡ ಹರೆಯದ ಹುಡುಗ ಈಗಲೂ ನನ್ನೊಳಗಿದ್ದಾನೆ. ಆದರೆ ಈ ನಗರದಲ್ಲಿ ಮನೆ ಮಾಡಿದ ಮೇಲೆ ಇನ್ನೊಂದು ಸತ್ಯವನ್ನೂ ಕಂಡಿದ್ದೇನೆ. ಮೇ ತಿಂಗಳ ಉರಿಯಲ್ಲಿ, ನವೆಂಬರಿನ ಹೊಗೆಯಲ್ಲಿ ಬದುಕುವ ದೆಹಲಿಗೆ ಪ್ರತಿಯೊಂದು ಹಸಿರು ತುಣುಕೂ ಉಸಿರು. ‘ನಷ್ಟ’ ಎಂದು ಮುಚ್ಚಿದ ಮೈದಾನ ಉದ್ಯಾನವಾಗುತ್ತದೆಂಬ ಭರವಸೆ ಯಾರಿಗಿದೆ? ನಮ್ಮ ನಾಡಿನ ಗೋಮಾಳಗಳೂ ಗುಂಡುತೋಪುಗಳೂ ಏನಾದವೆಂದು ಬೆಂಗಳೂರಿನ ಸುತ್ತಮುತ್ತಲ ಯಾವ ರೈತನನ್ನು ಕೇಳಿದರೂ ಹೇಳಿಯಾನು. ಗಾಲ್ಫಿನ ನಷ್ಟವನ್ನು ತೋರಿಸಿ ನೆಲವನ್ನು ಕಟ್ಟಡದವರಿಗೆ ಮಾರಿದರೆ, ಬೆಕ್ಕಿಗೆ ಹೆದರಿ ಹುಲಿಯ ಬಾಯಿಗೆ ಬಿದ್ದಂತಾದೀತು.

ಕ್ರೀಡೆಯ ವಾದವನ್ನೂ ತಳ್ಳಿಹಾಕಲಾರೆ. ಅದಿತಿ ಅಶೋಕ್ ಎಳೆವಯಸ್ಸಿನಲ್ಲಿ ಆಟ ಕಲಿತದ್ದು ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ. ಬಿಡದಿಯ ಬಳಿಯ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಪಕ್ಕದ ಗಾಲ್ಫ್ ಮೈದಾನದ ನಂಟಿನಿಂದಲೇ ವೃತ್ತಿಪರ ಆಟಗಾರರಾದರು. ಬಾಗಿಲು ತೆರೆದಲ್ಲಿ ಪ್ರತಿಭೆ ಒಳಗೆ ಬರುತ್ತದೆ ಎಂಬುದಕ್ಕೆ ಅವರು ಸಾಕ್ಷಿ. ಬೇಲಿಯಾಚೆ ನಿಂತು ನೋಡಿಯೇ ಮರಳಿದ ಮಕ್ಕಳ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ವಯಸ್ಕನೊಬ್ಬ ಆಡುವ ಆಟದ ಖರ್ಚನ್ನು ತೆರಿಗೆದಾರ ಭರಿಸಬೇಕಾಗಿಲ್ಲ. ಚೆಂಡು, ಹುಲ್ಲು, ನೀರು, ಮಾಲಿ, ಇವಿಷ್ಟರ ಪೂರ್ತಿ ಬೆಲೆಯನ್ನು ಆಡುವವನೇ ಕೊಡಲಿ; ಕೊಡುವ ಶಕ್ತಿ ಆ ಆಟಗಾರರಲ್ಲಿ ಬಹುಪಾಲಿಗೆ ಇದ್ದೇ ಇದೆ. ತೆರಿಗೆಯ ಹಣ ಸಲ್ಲಬೇಕಾದದ್ದು ಎರಡಕ್ಕೆ: ಬಯಲನ್ನು ಬಯಲಾಗಿಯೇ ಉಳಿಸುವುದಕ್ಕೆ, ಶುಲ್ಕ ಕೊಡಲಾಗದ ಮಕ್ಕಳಿಗೆ ಕಲಿಸುವುದಕ್ಕೆ. ಆ ಮಕ್ಕಳಲ್ಲಿ ಮೊದಲ ಹಕ್ಕು, ಬಿಸಿಲಿನಲ್ಲಿ ಪರರ ಚೀಲ ಹೊತ್ತು ನಡೆಯುವ ಕ್ಯಾಡಿಗಳ ಮಕ್ಕಳದು. ಸರ್ಕಾರಿ ನೆಲದ ಮೇಲಿನ ಪ್ರತಿಯೊಂದು ಮೈದಾನವೂ, ಅದು ಪ್ರಾಧಿಕಾರದ್ದಿರಲಿ ಕ್ಲಬ್ಬಿನದಿರಲಿ, ತಾನು ಪಡೆಯುತ್ತಿರುವ ನೆಲದ ರಿಯಾಯಿತಿ ಎಷ್ಟೆಂದು ವರ್ಷಕ್ಕೊಮ್ಮೆ ಪ್ರಕಟಿಸಲಿ. ವಾರಕ್ಕೊಂದು ದಿನ ಆಟ ನಿಲ್ಲಿಸಿ ಊರವರಿಗೆ ಬಾಗಿಲು ತೆರೆಯಲಿ. ಸೇಂಟ್ ಆಂಡ್ರೂಸ್‌ನವರಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವೆನ್ನುವುದಕ್ಕೆ ಸಮಂಜಸವಾದ ಕಾರಣ ನನಗೆ ಕಾಣುತ್ತಿಲ್ಲ. ಇದಕ್ಕೊಪ್ಪದ ಮೈದಾನ ರಿಯಾಯಿತಿಯ ಆಸೆ ಬಿಟ್ಟು ಮಾರುಕಟ್ಟೆಯ ಬಾಡಿಗೆ ಕೊಡಲಿ.

ಈ ಅಳತೆಗೋಲನ್ನು ಹಿಡಿದು ನನ್ನ ಪುಸ್ತಕ ಭಂಡಾರದ ಮುಂದೆಯೂ ನಿಂತೆ. ಹೊರನಾಡಿನ ನಮ್ಮ ಎಷ್ಟೋ ಸಂಘಗಳ ಗೋಡೆಗಳಲ್ಲಿ ಕರ್ನಾಟಕ ಸರ್ಕಾರದ ಅನುದಾನವಿದೆ, ಅಂದರೆ ಕನ್ನಡವನ್ನು ಓದಲೂ ಬಾರದ ಕೂಲಿಕಾರನ ತೆರಿಗೆಯೂ ಇದೆ. ನಮ್ಮ ಕೋಣೆಗೆ ಶುಲ್ಕವಿಲ್ಲ, ಬಂದವರನ್ನು ತಡೆಯುವವರೂ ಇಲ್ಲ. ಆ ಮಟ್ಟಿಗೆ ಅದು ಪಾಸಾಯಿತು. ಆದರೆ ಅದು ತೆರೆಯುವುದು ಭಾನುವಾರ ಎರಡು ತಾಸು ಮಾತ್ರ, ಬೀಗದ ಕೈ ಒಬ್ಬರ ಮನೆಯಲ್ಲಿ, ಅಲ್ಲೊಂದು ಗ್ರಂಥಾಲಯವಿದೆಯೆಂಬುದು ಸದಸ್ಯರಲ್ಲದ ಕನ್ನಡಿಗರಿಗೆ ಗೊತ್ತೇ ಇಲ್ಲ. ಓದುಗರು ಏಳೇ ಜನವೇಕೆ ಎಂಬುದಕ್ಕೆ ಉತ್ತರ ನಮ್ಮ ಬಾಗಿಲಿನಲ್ಲೇ ಇತ್ತು. ಬೇಲಿ ಕಬ್ಬಿಣದ್ದೇ ಆಗಬೇಕೆಂದಿಲ್ಲ.

ಮುಂದಿನ ಸಭೆಯಲ್ಲಿ ಎರಡು ಸೂಚನೆಗಳನ್ನು ಮಂಡಿಸಲಿದ್ದೇನೆ: ವಾರದ ಮೂರು ಸಂಜೆ ಕೋಣೆ ತೆರೆದಿರಬೇಕು, ಅನುದಾನದ ಲೆಕ್ಕವನ್ನು ಸೂಚನಾ ಫಲಕದಲ್ಲಿ ಅಂಟಿಸಬೇಕು. ಒಂದು ಸಂಜೆ ಬಾಗಿಲು ತೆರೆಯುವ ಹೊಣೆಯನ್ನು ನಾನೇ ಹೊರುತ್ತೇನೆ. ಅಷ್ಟಾದ ಮೇಲೆ ಧಾರವಾಡದ ಆ ಹಿರಿಯರಿಗೆ ಧೈರ್ಯವಾಗಿ ಹೇಳಬಹುದು: ದುಡ್ಡು ಎಲ್ಲರದಾದರೆ ಜಾತ್ರೆಯೂ ಎಲ್ಲರದಾಗಲಿ, ಅಪ್ಪಾರ.