ಪೇಟೆಯ ಜನರೇಟರೂ ಕಂಬದ ಮೇಲಿನ ಲೈನ್‌ಮನ್ನೂ

ಕರೆಂಟು ಹೋಯಿತೆಂದರೆ ಸಾಕು, ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಎರಡೇ ನಿಮಿಷಕ್ಕೆ ಡಬಡಬ ಶುರು. ಯು.ಪಿ.ಎಸ್. ಬಂದ ಮೇಲೆ ಈ ಸದ್ದು ಎಷ್ಟೋ ಅಡಗಿದೆ ನಿಜ. ಆದರೆ 2023ರ ಬರಗಾಲದಲ್ಲಿ ರಾಜ್ಯಕ್ಕೆ ವಿದ್ಯುತ್ ಸಾಲದೆ ಹೋದಾಗ ಮೂಲೆ ಸೇರಿದ್ದ ಯಂತ್ರಗಳು ಧೂಳು ಕೊಡವಿಕೊಂಡು ಮತ್ತೆ ಫುಟ್‌ಪಾತಿಗೆ ಇಳಿದವು. ಗಾಳಿಮಳೆಗೆ ತಂತಿ ಹರಿದ ದಿನ ಈಗಲೂ ಇಳಿಯುತ್ತವೆ.

ವ್ಯಾಪಾರಿಯನ್ನು ದೂರುವುದು ಸುಲಭ. ಕತ್ತಲಾದ ಅಂಗಡಿಗೆ ಗಿರಾಕಿ ಹತ್ತುವುದಿಲ್ಲ, ಫ್ರಿಜ್ಜಿನ ಹಾಲು ಬೆಸ್ಕಾಂಗೆ ಕಾಯುವುದಿಲ್ಲ. ನಮ್ಮ ತಕರಾರು ಜನರೇಟರ್ ಇಟ್ಟಿದ್ದಕ್ಕಲ್ಲ, ಅದನ್ನು ನಡೆಸುವ ರೀತಿಗೆ.

ಎರಡೂ ತುದಿಗೆ ಪಿನ್ ಹಾಕಿದ ವೈರನ್ನೇ ನೋಡಿ. ಒಂದು ತುದಿ ಜನರೇಟರಿಗೆ, ಇನ್ನೊಂದು ಅಂಗಡಿ ಗೋಡೆಯ ಪ್ಲಗ್ಗಿಗೆ. ಇಡೀ ಅಂಗಡಿ ಝಗ್ ಎನ್ನುತ್ತದೆ. "ಮೇನ್ ಆಫ್ ಮಾಡಿರ್ತೀವಿ ಬಿಡ್ರೀ" ಅನ್ನುತ್ತಾರೆ. ಒಂದು ದಿನ ಹುಡುಗ ಮರೆತರೆ? ಆ 230 ವೋಲ್ಟ್ ಮೀಟರ್ ದಾಟಿ ಬೀದಿಯ ತಂತಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಮುಟ್ಟಿದರೆ ಆಚೆ ಬದಿಯಲ್ಲಿ ಸಾವಿರಾರು ವೋಲ್ಟ್ ಆಗಬಹುದು. ಲೈನ್ ಬಂದಾಗಿದೆ ಎಂದು ನಂಬಿ ಕಂಬ ಹತ್ತಿದವನ ಕೈ ಎಲ್ಲಿರುತ್ತದೆ, ನೀವೇ ಯೋಚಿಸಿ. ನಿಮ್ಮ ಬೀದಿಗೆ ಕರೆಂಟು ಕೊಡಲೆಂದೇ ಹತ್ತಿದವನು ಅವನು! ಸಾಲದ್ದಕ್ಕೆ, ಜನರೇಟರ್ ಓಡುತ್ತಿರುವಾಗಲೇ ಲೈನ್ ಕರೆಂಟು ಬಂದರೆ ಯಂತ್ರವೂ ಸುಟ್ಟಿತು. ಇದಕ್ಕೆ ಮದ್ದು ಚೇಂಜ್‌ಓವರ್ ಸ್ವಿಚ್. ಈ ಕಡೆ ಹಾಕಿದರೆ ಲೈನ್, ಆ ಕಡೆ ಹಾಕಿದರೆ ಜನರೇಟರ್, ಎರಡೂ ಒಟ್ಟಿಗೆ ಸೇರುವ ಹಾಗೇ ಇಲ್ಲ. ಲೈಸೆನ್ಸ್ ಇರುವ ವೈರ್‌ಮನ್ನಿಂದ ಹಾಕಿಸಿ, ಅರ್ತಿಂಗೂ ನೋಡಿಸಿ. ಸಾವಿರಗಟ್ಟಲೆ ಕೊಟ್ಟು ಜನರೇಟರ್ ತಂದವರು ಒಂದು ಸ್ವಿಚ್ಚಿಗೆ ಲೆಕ್ಕ ಹಾಕುವುದು ಏನು ಜಿಪುಣತನವೋ!

ಇನ್ನು ಲೋಡಿನ ಲೆಕ್ಕ. ಪೈಸೆ ಬಿಡದ ನಮ್ಮ ವ್ಯಾಪಾರಿಗಳು ಇಲ್ಲಿ ಮಾತ್ರ ಧಾರಾಳಿಗಳು. ಯಂತ್ರದ ಮೇಲೆ 2 ಕೆ.ವಿ.ಎ. ಎಂದಿದ್ದರೆ 2000 ವಾಟ್ ಎಂದುಕೊಳ್ಳಬೇಡಿ. ಪವರ್ ಫ್ಯಾಕ್ಟರ್ 0.8 ಆದರೆ ಸಿಗುವುದು 1600. ಕೆಲವು ಯಂತ್ರಗಳ ಪಟ್ಟಿಯಲ್ಲಿ ದೊಡ್ಡದೊಂದು, ಚಿಕ್ಕದೊಂದು ಅಂಕಿ ಇರುತ್ತದೆ. ದೊಡ್ಡದು ಸ್ವಲ್ಪ ಹೊತ್ತಿನ ಮಾತು, ಗಂಟೆಗಟ್ಟಲೆ ಓಡಿಸಲು ಚಿಕ್ಕದನ್ನೇ ನಂಬಬೇಕು. 20 ವಾಟಿನ 8 ಎಲ್‌ಇಡಿ ಪಟ್ಟಿಗೆ 160, 75 ವಾಟಿನ 2 ಫ್ಯಾನಿಗೆ 150, ಬಿಲ್ಲಿನ ಕಂಪ್ಯೂಟರಿಗೆ ಒಂದು 200 ಹಿಡಿಯಿರಿ. ಒಟ್ಟು 510, ಆರಾಮು. ಇದರ ಮೇಲೆ 1000 ವಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಅಂಚಿಗೆ ಬಂದಿರಿ. ಆಗ ಫ್ರಿಜ್ ಶುರುವಾಯಿತೋ, ಕೆಲಸ ಕೆಟ್ಟಿತು. ಮೋಟಾರು ಓಡುವಾಗ 200 ವಾಟ್ ತಿಂದರೂ ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ದೀಪ ಮಂಕಾಗುತ್ತದೆ, ಫ್ರಿಜ್ ಗುಂಯ್ ಎಂದು ನಿಲ್ಲುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ. ಆಮೇಲೆ ಮೆಕ್ಯಾನಿಕ್ಕನ್ನು ಬೈಯುವುದು! ಖಾಲಿ ಯಂತ್ರವನ್ನು ಒಂದೆರಡು ನಿಮಿಷ ಓಡಿಸಿ, ಮೊದಲು ಮೋಟಾರಿನ ಸಾಮಾನು, ಆಮೇಲೆ ಉಳಿದದ್ದನ್ನು ಒಂದೊಂದಾಗಿ ಹಾಕಬೇಕು. ನಿಲ್ಲಿಸುವಾಗ ಮೊದಲು ಲೋಡ್ ತೆಗೆಯಬೇಕು.

ಹೊಗೆಯ ವಿಷಯ ಇನ್ನೂ ಗಂಭೀರ. ಮಳೆ ಬಂತೆಂದು ಜನರೇಟರನ್ನು ಮೆಟ್ಟಿಲ ಕೆಳಗೆ ಎಳೆದು ಅರ್ಧ ಶಟರ್ ಇಳಿಸುವವರಿದ್ದಾರೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಏಳುವುದೇ ಇಲ್ಲ. ಫ್ಯಾನ್ ಹಾಕಿದರೆ, ಕಿಟಕಿ ತೆಗೆದರೆ ಸಾಲದು. ಯಂತ್ರ ಬಯಲಲ್ಲಿ, ಬಾಗಿಲು ಕಿಟಕಿಗಳಿಂದ 20 ಅಡಿ ದೂರ ಇರಬೇಕು. ಮಳೆ ತಟ್ಟದಂತೆ ಮೇಲೊಂದು ಮರೆ ಇದ್ದರೆ ಆಯಿತು, ಸುತ್ತಲೂ ಮುಚ್ಚಬಾರದು. ಅಷ್ಟು ಜಾಗವಿಲ್ಲದವರಿಗೆ ಬ್ಯಾಟರಿಯೇ ಗತಿ, ಖರ್ಚಾದರೂ ಸರಿ.

ಫುಟ್‌ಪಾತಿನ ನಡುವೆ ಇಟ್ಟರೆ ಬಸ್ಸಿಗೆ ಓಡುವವರ ಕಾಲಿಗೆ ಕಾದ ಸೈಲೆನ್ಸರು. ಅದೇ ಬಿಸಿಯ ಮೇಲೆ, ಬೀಡಿ ಸೇದುವವರ ಪಕ್ಕದಲ್ಲೇ, ನೀರಿನ ಬಾಟಲಿಯಿಂದ ಪೆಟ್ರೋಲ್ ಸುರಿಯುವ ಧೈರ್ಯವಂತರೂ ಇದ್ದಾರೆ. ನಿಲ್ಲಿಸಿ, ಆರಲು ಬಿಟ್ಟು ಹಾಕಲು ಎಷ್ಟು ಹೊತ್ತು ಬೇಕು ಮಹಾರಾಯರೇ?

ಬೆಸ್ಕಾಂನವರಿಗೂ ಒಂದು ಮಾತು. ಮೀಟರ್ ಓದಲು ತಿಂಗಳು ತಿಂಗಳೂ ಅಂಗಡಿ ಹತ್ತುವ ನಿಮ್ಮ ಸಿಬ್ಬಂದಿ, ಜನರೇಟರ್ ಕಂಡಲ್ಲಿ ಚೇಂಜ್‌ಓವರ್ ಎಲ್ಲಿದೆ ಎಂದು ಕೇಳಲಿ. ಇಲ್ಲದವರ ಹೆಸರು ಬರೆದುಕೊಂಡು ಹದಿನೈದು ದಿನ ಗಡುವು ಕೊಡಿ. ಕಂಬ ಹತ್ತುವವರು ನಿಮ್ಮವರೇ ಅಲ್ಲವೇ?